ಮಕ್ಕಳೊಡನೆ ಮನೆಯಲ್ಲಿ ಪ್ರಯೋಗ

(ಬಿತ್ತರವಾದ ಭಾಷಣದ ಪೂರ್ಣಪಾಠ)

ಮಕ್ಕಳಿಗೆ ಮನೆಯಲ್ಲಿ ವಿಜ್ಞಾನವನ್ನು ಹೇಳಿಕೊಡುವುದು ಹೇಗೆ ಎಂಬ ವಿಷಯವಾಗಿ ಮಾತನಾಡಬೇಕೆಂದು ಬಾನುಲಿಯವರು ಕೇಳಿದಾಗ ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದವಳು ನಾನು. ಇದೇನು ಮಹಾ ಕಷ್ಟ ಎಂಬ ಭಾವನೆ. ಹೇಳಬೇಕಾದುದನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡೂ ಆಗಿತ್ತು. ಹಾಗೆ ಗುರುತು ಹಾಕಿಕೊಂಡ ಪ್ರಯೋಗಗಳಲ್ಲಿ ಒಂದನ್ನು ಮಾಡಿಯೇ ನೋಡೋಣವೆಂದು, ಬೇಸಗೆಯ ರಜೆಗೆ ಬಂದಿದ್ದ ಮೊಮ್ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಆಮೇಲೆ ಆ ಹಾಳೆಯನ್ನು ಹರಿದುಹಾಕಬೇಕಾಯಿತು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮನೆಯಲ್ಲಿ ವಿಜ್ಞಾನವೆಂದ ಕೂಡಲೆ ತಾಯಂದಿರು ಮೊದಲು ಕೇಳುವುದು ಸಾಮಾನಿನ ಮಾತು. “ನಮ್ಮ ಮನೆಯಲ್ಲಿ ಏನಿದೆ? ಪ್ರಯೋಗಶಾಲೆ ಬೇಡವೇ?” ಎನ್ನುತ್ತಾರೆ. ಈಗ ಅಂಗಡಿಗಳಲ್ಲಿ ವಿಜ್ಞಾನದ ಪೆಟ್ಟಿಗೆಯೆಂದು ಬಣ್ಣಬಣ್ಣದ ಪೆಟ್ಟಿಗೆಗಳು ಸಿಕ್ಕುತ್ತವೆ. ಸಾವಿರಾರು ರೂಪಾಯಿ ಕೊಟ್ಟು ತಂದ ಆ ಪೆಟ್ಟಿಗೆ ಹುಟ್ಟಿದ ಹಬ್ಬದ ದಿನ ತೆರೆದು, ಮರುವಾರ ಅಟ್ಟ ಸೇರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಪೆಟ್ಟಿಗೆ ಬೇಕಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಶಾಲೆಗಳೆಲ್ಲ ನೆಲಸಮವಾದ ದೇಶಗಳ ಉಪಾಧ್ಯಾಯರಿಗಾಗಿ ಯುನೆಸ್ಕೋ ಸಂಸ್ಥೆ 1948ರಲ್ಲಿ ಒಂದು ಪುಸ್ತಿಕೆಯನ್ನು ಹೊರಡಿಸಿತು. ಉಪಕರಣಗಳಿಲ್ಲದ ಕಡೆ ಕೈಗೆ ಸಿಕ್ಕಿದ ಡಬ್ಬಿ, ಶೀಸೆ, ದಾರಗಳಿಂದಲೇ ವಿಜ್ಞಾನ ಕಲಿಸುವ ಬಗೆ ಅದರಲ್ಲಿತ್ತು. ಆ ಪುಸ್ತಿಕೆಯೇ ಬೆಳೆದು 1956ರಲ್ಲಿ ವಿಜ್ಞಾನ ಬೋಧನೆಯ ದೊಡ್ಡ ಆಕರಗ್ರಂಥವಾಗಿ ಅನೇಕ ಭಾಷೆಗಳಿಗೆ ಹೋಯಿತು. ಮನೆ ಮಠವಿಲ್ಲದ ಕಡೆ ನಡೆದದ್ದು ನಮ್ಮ ಅಡಿಗೆಮನೆಯಲ್ಲಿ ನಡೆಯದೆ ಇದ್ದೀತೇ?

ಮೊದಲು ಆರತಿಯ ತಟ್ಟೆಯನ್ನೇ ತೆಗೆದುಕೊಳ್ಳಿ. ಮದುವೆ ಮುಂಜಿಗಳಲ್ಲಿ ಆರತಿ ಎತ್ತುವುದಕ್ಕೆ ಓಕುಳಿ ಕಲಸುತ್ತೇವಲ್ಲ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಹಳದಿ ಹೋಗಿ ರಕ್ತದಂಥ ಕೆಂಪು ಬರುತ್ತದೆ. ಇದನ್ನು ನೋಡದ ಮಗು ನಮ್ಮಲ್ಲಿ ಇಲ್ಲ. ಆದರೆ ಆ ಕೆಂಪು ನೀರಿಗೆ ನಿಂಬೆಹಣ್ಣು ಹಿಂಡಿ ನೋಡಿದ ಮಕ್ಕಳು ಎಷ್ಟು ಮಂದಿ? ಕೆಂಪು ಮತ್ತೆ ಹಳದಿಯಾಗುತ್ತದೆ. ಇನ್ನಷ್ಟು ಸುಣ್ಣ ಹಾಕಿದರೆ ಪುನಃ ಕೆಂಪು. ಬಿಳಿಯ ಬಟ್ಟೆಯ ಮೇಲೆ ಬಿದ್ದ ಸಾರಿನ ಕಲೆ ಸೋಪು ಹಚ್ಚಿದೊಡನೆ ಕೆಂಪಾಗಿ, ಜಾಲಿಸಿದ ಮೇಲೆ ಹಳದಿಗೆ ತಿರುಗುವುದೂ ಇದೇ ಕಾರಣದಿಂದ. ಸೋಪೂ ಸುಣ್ಣವೂ ಒಂದು ಜಾತಿ, ನಿಂಬೆ ಹುಣಿಸೆಗಳು ಇನ್ನೊಂದು ಜಾತಿ. ನಾಲ್ಕಾರು ಬಟ್ಟಲುಗಳಲ್ಲಿ ಅರಿಸಿನದ ನೀರಿಟ್ಟು ಕೊಟ್ಟರೆ ಮಗು ಮನೆಯಲ್ಲಿರುವ ಪದಾರ್ಥಗಳನ್ನೆಲ್ಲ ತಾನೇ ಜಾತಿಗೆ ಹಚ್ಚುತ್ತದೆ: ಮಜ್ಜಿಗೆ, ಉಪ್ಪು, ಸಕ್ಕರೆ, ಒಲೆಯ ಬೂದಿ, ಹಲ್ಲುಜ್ಜುವ ಪೇಸ್ಟು. ಅಡಿಗೆ ಸೋಡಕ್ಕೆ ಬಣ್ಣ ಅರೆಬರೆ ತಿರುಗುತ್ತದೆ. ಇದು ಯಾವ ಜಾತಿಗೆ ಸೇರಿತು ಎಂದು ಮಗು ಹಣೆ ಗಂಟಿಕ್ಕುತ್ತದಲ್ಲ, ಪಾಠ ಶುರುವಾಗುವುದು ಅಲ್ಲಿ. ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ಕಿವುಚಿ ಬಣ್ಣ ತೆಗೆದುಕೊಟ್ಟರೆ ನಿಂಬೆಗೆ ಒಂದು ಬಣ್ಣ, ಸೋಪಿಗೆ ಬೇರೊಂದು ಬಣ್ಣ ತಿರುಗಿ, ಸಂದೇಹ ಬಂದ ಪದಾರ್ಥವನ್ನು ಎರಡು ವಿಧದಲ್ಲಿ ಪರೀಕ್ಷಿಸಲು ಅನುಕೂಲವಾಗುತ್ತದೆ.

ಇಲ್ಲಿ ನಾವು ದೊಡ್ಡವರು ಮಾಡುವ ಒಂದು ತಪ್ಪು ಉಂಟು. ಸುಣ್ಣದ ಚಿಟಿಕೆಯನ್ನು ಕೈಯಲ್ಲಿ ಹಿಡಿದು, “ಈಗ ನೋಡು ಪುಟ್ಟ, ಕೆಂಪಾಗುತ್ತದೆ” ಎಂದುಬಿಡುತ್ತೇವೆ. ಕೆಂಪಾಗುತ್ತದೆ, ಮಗು ಚಪ್ಪಾಳೆ ತಟ್ಟುತ್ತದೆ. ಅದು ಗಾರುಡಿಯಾಯಿತೇ ಹೊರತು ಪ್ರಯೋಗವಾಗಲಿಲ್ಲ. “ಏನಾಗಬಹುದು ಅಂತೀಯ?” ಎಂದು ಕೇಳಿ, ಮಗು ಹೇಳಿದ್ದನ್ನು ಸರಿಯಿರಲಿ ತಪ್ಪಿರಲಿ ಒಂದು ಪುಸ್ತಕದಲ್ಲಿ ಬರೆಯಿಸಿ, ಆಮೇಲೆ ಸುಣ್ಣ ಹಾಕಬೇಕು. ಹೇಳಿದ್ದು ಒಂದು, ಆದದ್ದು ಇನ್ನೊಂದು ಆದಾಗ ಮಗುವಿನ ಮುಖವನ್ನು ನೋಡಿ.

ಇಂಥ ಒಂದು ಸಂದರ್ಭಕ್ಕೆ ಒಳ್ಳೆಯ ಉದಾಹರಣೆ ಲೋಲಕ. ಬಾಗಿಲ ಚೌಕಟ್ಟಿಗೆ ಒಂದು ಮೀಟರು ಉದ್ದದ ದಾರ ಇಳಿಬಿಟ್ಟು ತುದಿಗೆ ಸಣ್ಣ ಕಲ್ಲು ಕಟ್ಟಿ ತೂಗಿದರೆ ಹತ್ತು ಸಲ ಹೋಗಿಬರುವುದಕ್ಕೆ ಸುಮಾರು ಇಪ್ಪತ್ತು ಸೆಕೆಂಡು ಹಿಡಿಯುತ್ತದೆ. ಕಲ್ಲಿನ ಬದಲು ತೆಂಗಿನಕಾಯಿ ಕಟ್ಟಿದರೆ? ಬೇಗ ಬೇಗ ಆಡುತ್ತದೆ ಎನ್ನುವ ಮಕ್ಕಳುಂಟು, ಭಾರ ಹೆಚ್ಚಾಯಿತು ನಿಧಾನವಾಗುತ್ತದೆ ಎನ್ನುವವರೂ ಉಂಟು. ಎಣಿಸಿದರೆ ಅದೇ ಇಪ್ಪತ್ತು. ಒಂದು ಎಚ್ಚರಿಕೆ: ದಾರದ ಉದ್ದವನ್ನು ಗಂಟಿನವರೆಗಲ್ಲ, ಕಾಯಿಯ ನಡುವಿನವರೆಗೆ ಅಳೆಯಬೇಕು. ಇದನ್ನು ಮರೆತು ನಾನೇ ಒಮ್ಮೆ ಮಕ್ಕಳ ಮುಂದೆ ಪೇಚಾಡಿದ್ದೇನೆ.

ಇನ್ನು ಅಂಗಳದಲ್ಲಿ ನೆಟ್ಟ ಕೋಲಿನ ನೆರಳಿದೆ. ತಿಂಗಳಿಗೊಮ್ಮೆ ನಡುಹಗಲಿನಲ್ಲಿ ನೆರಳಿನ ತುದಿಗೆ ಒಂದು ಗೂಟ ಹೊಡೆಯುತ್ತ ಬಂದರೆ ವರ್ಷದ ಪಂಚಾಂಗವೇ ಅಂಗಳದಲ್ಲಿ ಮೂಡುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24-25ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ಸೂರ್ಯ ನೆತ್ತಿಯ ಮೇಲೆ ಬಂದು ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಏಪ್ರಿಲಿನ ಆ ದಿನ ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ನೋಡಿದರೆ ಮೋಸಹೋಗುತ್ತೀರಿ; ನಿಜವಾದ ನಡುಹಗಲು ಅಲ್ಲಿಗೆ 12 ಗಂಟೆ 17 ನಿಮಿಷದ ಹೊತ್ತಿಗೆ. ನಮ್ಮ ಗಡಿಯಾರಗಳೆಲ್ಲ ಪೂರ್ವಕ್ಕೆ ದೂರದ ಇನ್ನೊಂದು ರೇಖೆಯ ಲೆಕ್ಕದಲ್ಲಿ ನಡೆಯುವುದರಿಂದ ಈ ವ್ಯತ್ಯಾಸ. ಗಡಿಯಾರವೂ ಮನುಷ್ಯರು ಮಾಡಿಕೊಂಡ ಒಪ್ಪಂದವೇ ಎಂದು ಮಗುವಿಗೆ ಒಂದು ಕೋಲು ತೋರಿಸಿಕೊಡುತ್ತದೆ. ಆದರೆ ನೋಡಬೇಕಾದುದು ನೆರಳನ್ನು. ಸೂರ್ಯನತ್ತ ಕಣ್ಣೆತ್ತಿ ನೋಡಲು ಮಕ್ಕಳನ್ನು ಬಿಡಬೇಡಿ.

ಈಗ ಆ ಹರಿದುಹಾಕಿದ ಹಾಳೆಯ ಮಾತು. ಅದರಲ್ಲಿ ನಾನು ಬರೆದುಕೊಂಡಿದ್ದ ಪ್ರಯೋಗ ನಿಮಗೆಲ್ಲ ಗೊತ್ತಿರುವುದೇ. ತಟ್ಟೆಯಲ್ಲಿ ಮೇಣದಬತ್ತಿ ನಿಲ್ಲಿಸಿ, ಸುತ್ತ ನೀರು ಹಾಕಿ, ಬತ್ತಿ ಹಚ್ಚಿ, ಮೇಲೆ ಗಾಜಿನ ಲೋಟವನ್ನು ಬೋರಲಾಗಿ ಇಡುವುದು. ಸ್ವಲ್ಪ ಹೊತ್ತಿಗೆ ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ. “ಉರಿಯುವಾಗ ಗಾಳಿಯಲ್ಲಿದ್ದ ಆಮ್ಲಜನಕ ಖರ್ಚಾಯಿತು, ಆ ಜಾಗವನ್ನು ನೀರು ತುಂಬಿತು, ಆದುದರಿಂದ ಗಾಳಿಯ ಐದನೆಯ ಒಂದು ಭಾಗ ಆಮ್ಲಜನಕ.” ಮೂವತ್ತು ವರ್ಷ ಕರಿಹಲಗೆಯ ಮೇಲೆ ಈ ವಾಕ್ಯ ಬರೆದಿದ್ದೇನೆ. ನಾನು ಓದಿದ ಪುಸ್ತಕದಲ್ಲಿಯೂ ಇತ್ತು, ನಾನು ಪಾಠ ಹೇಳಿದ ಪುಸ್ತಕದಲ್ಲಿಯೂ ಇತ್ತು.

ಮೊಮ್ಮಗಳಿಗೆ ಹತ್ತು ವರ್ಷ. ಸಾಮಾನು ಜೋಡಿಸುವಷ್ಟರಲ್ಲೇ, “ಅಜ್ಜಿ, ಇದು ನಂಗೊತ್ತು. ಆಕ್ಸಿಜನ್ ಖರ್ಚಾಗುತ್ತೆ, ನೀರು ಮೇಲೆ ಬರುತ್ತೆ. ಫೋನಿನಲ್ಲಿ ನೋಡಿದೀನಿ” ಎಂದಳು. ಈ ಕಾಲದ ಮಕ್ಕಳಿಗೆ ಇದೊಂದು ತೊಡಕು. ಪ್ರಯೋಗ ಮಾಡುವ ಮೊದಲೇ ಅದರ ಕೊನೆ ಅವರಿಗೆ ಗೊತ್ತಿರುತ್ತದೆ. ಫೋನಿನಲ್ಲಿ ತೋರಿಸುವ ಪ್ರಯೋಗ ಒಮ್ಮೆಯೂ ಕೆಡುವುದಿಲ್ಲ, ಕೆಟ್ಟದ್ದನ್ನೆಲ್ಲ ಕತ್ತರಿಸಿರುತ್ತಾರೆ. “ಗೊತ್ತಿದ್ದರೆ ಸಂತೋಷ. ಎಷ್ಟು ಏರುತ್ತೆ ಹೇಳು” ಎಂದೆ. ಐದನೆಯ ಒಂದು ಭಾಗವೆಂಬುದೂ ಅವಳಿಗೆ ಗೊತ್ತಿತ್ತು. ಹಾಗಾದರೆ ಅಳೆಯೋಣವೆಂದು, ಬಾಯಿಯೂ ತಳವೂ ಒಂದೇ ಅಗಲವಾಗಿರುವ ಲೋಟವನ್ನು ಹುಡುಕಿ, ಅದರ ಹೊರಮೈಗೆ ಮಿಲಿಮೀಟರಿನ ಗೆರೆ ಹಾಕಿದ ಕಾಗದದ ಪಟ್ಟಿಯನ್ನು ಅಂಟಿಸಿದೆವು. ಲೋಟದ ಎತ್ತರ 120 ಮಿಲಿಮೀಟರು. ಐದನೆಯ ಒಂದು ಭಾಗ 24. ಅವಳ ಪುಸ್ತಕದಲ್ಲಿ “24 ಬರುತ್ತದೆ” ಎಂದು ಬರೆಯಿಸಿದೆ. ನೀರು ಚೆನ್ನಾಗಿ ಕಾಣಲೆಂದು ಚಿಟಿಕೆ ಕುಂಕುಮ ಕದಡಿದೆವು.

ಒಂದು ಬತ್ತಿಗೆ ನೀರು ಏರಿದ್ದು 14 ಮಿಲಿಮೀಟರು.

ಇರಲಿ, ಆಮ್ಲಜನಕ ಪೂರ್ತಿ ಖರ್ಚಾಗಿರಲಾರದು ಎಂದೆ. ಉಪಾಧ್ಯಾಯರಿಗೆ ಇಂಥ ತೇಪೆ ಹಚ್ಚುವ ಕೆಲಸ ಚೆನ್ನಾಗಿ ಬರುತ್ತದೆ. ಅವಳು ಸುಮ್ಮನಿರಲಿಲ್ಲ. ಇನ್ನೊಂದು ಬತ್ತಿ ಇಟ್ಟರೆ ಪೂರ್ತಿ ಖರ್ಚಾಗಬಹುದು ಎಂದು ಎರಡು ಬತ್ತಿ ಹಚ್ಚಿದಳು. 23 ಬಂತು. ನನಗೆ ನೆಮ್ಮದಿಯಾಯಿತು, 24ಕ್ಕೆ ಒಂದೇ ಕಡಮೆ, ಇಲ್ಲಿಗೆ ನಿಲ್ಲಿಸೋಣವೆಂದೆ. ಅವಳು ಮೂರನೆಯ ಬತ್ತಿಯನ್ನು ಅಂಟಿಸುತ್ತಿದ್ದಳು. 32 ಬಂತು.

“ಅಜ್ಜಿ, ಬತ್ತಿ ಜಾಸ್ತಿ ಇಟ್ಟರೆ ಲೋಟದಲ್ಲಿ ಆಕ್ಸಿಜನ್ ಜಾಸ್ತಿ ಆಗುತ್ತಾ?”

“ಇಲ್ಲ ಮಗು, ಇದ್ದಷ್ಟೇ ಇರುತ್ತೆ.”

“ಇರೋದು ಇಪ್ಪತ್ತನಾಲ್ಕು. ಮೂವತ್ತೆರಡು ಎಲ್ಲಿಂದ ಬಂತು?”

ನನ್ನ ಬಳಿ ಉತ್ತರವಿರಲಿಲ್ಲ. ಮತ್ತೆ ಮಾಡಿದೆವು. ಈ ಸಲ ನಾನೂ ಕಣ್ಣಿಟ್ಟು ನೋಡಿದೆ. ಬತ್ತಿಗಳು ಉರಿಯುತ್ತಿರುವಷ್ಟು ಹೊತ್ತು ನೀರು ಹೆಚ್ಚುಕಡಮೆ ನಿಂತಲ್ಲೇ ನಿಂತಿತ್ತು. ಆರಿ ಹೊಗೆ ಎದ್ದ ಮೇಲೆ ಸರ್ರನೆ ಏರಿತು. ಉರಿದು ಖರ್ಚಾದುದರಿಂದ ಏರುವುದಾದರೆ ಉರಿಯುತ್ತಿರುವಾಗಲೇ ಮೆಲ್ಲನೆ ಏರಬೇಕಿತ್ತಲ್ಲವೇ?

ಆಗ ನನಗೆ ಒಬ್ಬ ಹುಡುಗಿಯ ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಮೊದಲ ವರ್ಷಗಳು. ಎಂಟನೆಯ ತರಗತಿಯಲ್ಲಿ ಇದೇ ಪ್ರಯೋಗವನ್ನು ಮಾಡಿ ತೋರಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತು, “ಮಿಸ್, ನೀರು ಏರಿದ್ದು ಬತ್ತಿ ಆರಿದ ಮೇಲೆ” ಎಂದಿದ್ದಳು. ಗಂಟೆ ಹೊಡೆಯುವ ಹೊತ್ತು. ನಾನು, “ಪುಸ್ತಕದಲ್ಲಿ ಇರುವುದನ್ನು ಬರೆದುಕೋ, ಪರೀಕ್ಷೆಯಲ್ಲಿ ಅದೇ ಕೇಳುತ್ತಾರೆ, ಕೂತುಕೋ” ಎಂದೆ. ಕೂತುಕೊಂಡಳು. ಆ ವರ್ಷವೆಲ್ಲ ಅವಳು ಮತ್ತೆ ಎದ್ದು ಪ್ರಶ್ನೆ ಕೇಳಿದ ನೆನಪು ನನಗಿಲ್ಲ. ತರಗತಿಯ ನಲವತ್ತು ಮಂದಿಯಲ್ಲಿ ಅಂದು ನಿಜವಾಗಿ ಪ್ರಯೋಗವನ್ನು ನೋಡಿದವಳು ಅವಳೊಬ್ಬಳೇ ಎಂಬುದು ಇಷ್ಟು ವರ್ಷದ ಮೇಲೆ ನನ್ನ ಅಡಿಗೆಮನೆಯಲ್ಲಿ ನನಗೆ ತಿಳಿಯಬೇಕಾಯಿತು.

ಗಂಟನ್ನು ಬಿಚ್ಚಿದವಳು ನನ್ನ ಸೊಸೆ. ಅವಳು ಓದಿದ್ದು ವಾಣಿಜ್ಯ. ವಿಜ್ಞಾನದ ಗೊಡವೆಗೆ ಹೋದವಳಲ್ಲ. ಪಾತ್ರೆ ತೊಳೆಯುತ್ತ ನಮ್ಮ ಗಲಾಟೆ ಕೇಳುತ್ತಿದ್ದವಳು, “ಅತ್ತೆ, ಬಿಸಿನೀರಿನಲ್ಲಿ ತೊಳೆದ ಲೋಟವನ್ನು ಹಸಿ ಕಲ್ಲಿನ ಮೇಲೆ ಬೋರಲು ಹಾಕಿದರೆ ಕಚ್ಚಿಕೊಂಡು ನೀರು ಎಳೆದುಕೊಳ್ಳುತ್ತಲ್ಲಾ, ಅದೂ ಇದೂ ಒಂದೇನಾ ನೋಡಿ” ಎಂದಳು. ನೋಡಿದೆವು. ಬಿಸಿನೀರಿನಲ್ಲಿ ಅದ್ದಿ ತೆಗೆದ ಸ್ಟೀಲಿನ ಲೋಟವನ್ನು ತಟ್ಟೆಯ ತಣ್ಣೀರಿನಲ್ಲಿ ಬೋರಲು ಹಾಕಿದಾಗ ತಟ್ಟೆಯಲ್ಲಿದ್ದ ನೀರು ನೋಡನೋಡುತ್ತ ಕಡಮೆಯಾಗಿ ಲೋಟದೊಳಕ್ಕೆ ಹೋಯಿತು. ಬತ್ತಿಯಿಲ್ಲ, ಉರಿಯಿಲ್ಲ. ಪ್ರತಿದಿನ ನಮ್ಮ ಮನೆಯ ಕಲ್ಲಿನ ಮೇಲೆ ಕಾಫಿಯ ಲೋಟಗಳು ಮಾಡುತ್ತಿದ್ದ ಪ್ರಯೋಗವಿದು. ಕಿತ್ತು ತೆಗೆದಾಗ ‘ಪಟ್’ ಎಂದು ಶಬ್ದ ಕೇಳಿ ಬೇಸರಪಟ್ಟುಕೊಂಡದ್ದೂ ಉಂಟು.

ಆಮೇಲೆ ಎಲ್ಲ ಸರಿಯಾಗಿ ಜೋಡಣೆಯಾಯಿತು. ಉರಿಯುವ ಬತ್ತಿಯ ಮೇಲೆ ಲೋಟವನ್ನು ಇಳಿಸುವಾಗಲೇ ಒಳಗಿನ ಗಾಳಿ ಕಾದು ಹಿಗ್ಗಿ ಒಂದಷ್ಟು ಹೊರಕ್ಕೆ ಹೋಗಿಬಿಡುತ್ತದೆ. ನೀರಿಗೆ ಎರಡು ತೊಟ್ಟು ಸೋಪಿನ ನೀರು ಹಾಕಿ ನೋಡಿದರೆ ಲೋಟದ ಬಾಯಿಯಂಚಿನಲ್ಲಿ ಗುಳ್ಳೆಗಳು ಏಳುವುದು ಕಣ್ಣಿಗೇ ಕಾಣುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಒಳಗಿನ ಹಬೆ ನೀರಾಗಿ ಗಾಜಿಗೆ ಹತ್ತುತ್ತದೆ. ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ನೂಕುತ್ತದೆ. ಬತ್ತಿ ಹೆಚ್ಚಾದರೆ ಕಾವು ಹೆಚ್ಚು, ಹೊರಗೆ ಹೋಗುವ ಗಾಳಿ ಹೆಚ್ಚು, ಏರುವ ನೀರೂ ಹೆಚ್ಚು. ಆಮ್ಲಜನಕ ಖರ್ಚಾಗುವುದು ಸುಳ್ಳಲ್ಲ. ಆದರೆ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕವಿದ್ದರೆ, ಬತ್ತಿ ಆರುವ ಹೊತ್ತಿಗೆ ಇನ್ನೂ 16 ಪಾಲಿನಷ್ಟು ಉಳಿದೇ ಇರುತ್ತದೆ. ಖರ್ಚಾದ ಸ್ವಲ್ಪದ ಜಾಗಕ್ಕೆ ಇಂಗಾಲದ ಡೈ ಆಕ್ಸೈಡ್ ಹುಟ್ಟಿ ಅದರ ಬಹುಭಾಗವನ್ನು ತುಂಬುತ್ತದೆ. ನೀರು ಏರುವುದರಲ್ಲಿ ಆಮ್ಲಜನಕದ ಪಾತ್ರ ಅತಿ ಸಣ್ಣದು. ಈ ಬತ್ತಿ ಲೋಟಗಳ ಪ್ರಯೋಗವನ್ನು ಸುಮಾರು 2200 ವರ್ಷಗಳ ಹಿಂದೆಯೇ ಬೈಜಾಂಟಿಯಮ್ಮಿನ ಫೈಲೋ ಎಂಬ ಗ್ರೀಕ್ ಪಂಡಿತ ವರ್ಣಿಸಿದ್ದಾನೆ. ಪ್ರಯೋಗ ಅಷ್ಟು ಹಳೆಯದು. ಅದಕ್ಕೆ ಅಂಟಿಕೊಂಡ ತಪ್ಪು ವಿವರಣೆಗೂ ಆಯುಸ್ಸು ಗಟ್ಟಿ.

ಮೇಣದಬತ್ತಿಯ ಮಾತು ಬಂದಾಗ ಮೈಕೆಲ್ ಫ್ಯಾರಡೆಯನ್ನು ನೆನೆಯದಿರುವುದು ಹೇಗೆ? ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್ಮಸ್ ರಜೆಯ ಹೊತ್ತಿಗೆ ಮಕ್ಕಳನ್ನು ಕೂರಿಸಿಕೊಂಡು ಒಂದೇ ಒಂದು ಮೇಣದಬತ್ತಿಯ ಮೇಲೆ ಆರು ಉಪನ್ಯಾಸಗಳನ್ನು ಮಾಡಿದ ಪುಣ್ಯಾತ್ಮ. 1848ರಲ್ಲೊಮ್ಮೆ ಮಾಡಿದ್ದ ವಿಷಯವನ್ನೇ 1860ರ ಕೊನೆಯಲ್ಲಿ ಮತ್ತೆ ಎತ್ತಿಕೊಂಡು ಹೇಳಿದ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸದ ಹುಡುಗನಾಗಿದ್ದಾಗ, ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿ, ಓದಿದ್ದು ನಿಜವೇ ಎಂದು ಕೈಲಾದ ಖರ್ಚಿನಲ್ಲಿ ಮಾಡಿ ನೋಡಿ ಕಲಿತವನು ಅವನು. ಓದಿದ್ದು ನಿಜವೇ ಎಂದು ನೋಡುವ ಆ ಕೆಲಸವನ್ನು ನಾನು ಬಿಟ್ಟುಬಿಟ್ಟಿದ್ದೆ.

ನಮ್ಮ ದೇಶದಲ್ಲಿ ಶಾಲೆಗಳೊಳಗೇ ಇದನ್ನು ತರಲು ಯತ್ನಿಸಿದವರಿದ್ದಾರೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹದಿನಾರು ಶಾಲೆಗಳಲ್ಲಿ, ಮಕ್ಕಳು ತಾವೇ ಪ್ರಯೋಗ ಮಾಡಿ ಕಂಡದ್ದನ್ನು ಬರೆಯುವ ಪದ್ಧತಿ ಮೊದಲಾಯಿತು. ಪರೀಕ್ಷೆಗೆ ಪುಸ್ತಕ ತೆಗೆದುಕೊಂಡು ಹೋಗುವುದಕ್ಕೂ ಅಲ್ಲಿ ಅಡ್ಡಿಯಿರಲಿಲ್ಲ. ನೂರಾರು ಶಾಲೆಗಳಿಗೆ ಹಬ್ಬಿದ ಆ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ಅದರ ಚರ್ಚೆ ಇಲ್ಲಿ ಬೇಡ. ಶಾಲೆಗೆ ಗಂಟೆಯಿದೆ, ಪರೀಕ್ಷೆಯಿದೆ, ನಲವತ್ತು ಐವತ್ತು ಮಕ್ಕಳಿದ್ದಾರೆ. ಮನೆಗೆ ಇವಾವುವೂ ಇಲ್ಲ. ಒಂದು ಬತ್ತಿಯನ್ನು ಇಪ್ಪತ್ತು ಸಲ ಹಚ್ಚಿ ನೋಡುವ ಪುರುಸೊತ್ತು ಮನೆಯಲ್ಲಿ ಮಾತ್ರ ಸಿಕ್ಕೀತು.

ತಟ್ಟೆ ಲೋಟ ಮುಂದಿಟ್ಟುಕೊಂಡು ಮಾಡುವುದೆಲ್ಲ ಆಟವೆಂದು ನಗುವ ಹಿರಿಯರಿಗೆ ಒಂದು ಮಾತು ನೆನಪು ಮಾಡುತ್ತೇನೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಸಣ್ಣ ಪ್ರೇಷಕ ಯಂತ್ರವನ್ನಿಟ್ಟುಕೊಂಡು ಬಾನುಲಿ ಕೇಂದ್ರವನ್ನು ತೆರೆದರು. ಅದರ ಶಕ್ತಿ 30 ವ್ಯಾಟ್. ಆ ಕಾಲದ ಒಂದು ಮಂಕು ದೀಪಕ್ಕೆ ಸಾಕಾಗುವಷ್ಟು. ಆಕಾಶವಾಣಿ ಎಂಬ ಹೆಸರು ಮೊದಲು ಕೇಳಿಬಂದದ್ದು ಆ ಮನೆಯಿಂದ. ನೆರೆಹೊರೆಯವರು ಆಗ ಏನೆಂದರೋ.

ಆದರೆ ಮನೆಯಲ್ಲಿ ಮಾಡಬಾರದ ಪ್ರಯೋಗಗಳೂ ಉಂಟು, ಅದನ್ನು ಖಂಡಿತವಾಗಿ ಹೇಳಬೇಕು. ಗೋಡೆಯ ವಿದ್ಯುತ್ತಿನ ತಂಟೆಗೆ ಮಕ್ಕಳು ಹೋಗಕೂಡದು. ಟಾರ್ಚಿಗೆ ಹಾಕುವ ಸಾಮಾನ್ಯ ಸೆಲ್ಲು ಸಾಕು, ಅದರಿಂದ ಕಲಿಯುವುದೇ ಬೇಕಾದಷ್ಟಿದೆ. ಕಕ್ಕಸು ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದೆಂದಿಗೂ ಕೂಡಿಸಬೇಡಿ. ಹುಟ್ಟುವುದು ಕ್ಲೋರೀನ್, ಉಸಿರಾಟಕ್ಕೆ ವಿಷ. ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ತಿಳಿ ಬಸಿದುಕೊಂಡು, ಪರಂಗಿ ಎಲೆಯ ಟೊಳ್ಳು ದಂಟಿನಿಂದ ಉಸಿರು ಊದಿದರೆ ತಿಳಿನೀರು ಹಾಲಾಗುವುದು ಬಲು ಚೆನ್ನಾದ ಪ್ರಯೋಗ. ಆದರೆ ಊದಬೇಕೇ ಹೊರತು ಹೀರಬಾರದು, ಕಣ್ಣಿಗೂ ಸಿಡಿಯಬಾರದು. ಬತ್ತಿ ಹಚ್ಚುವಾಗ ಜಡೆಯನ್ನು ಹಿಂದಕ್ಕೆ ಕಟ್ಟಿ, ತೆಳು ಬಟ್ಟೆಯ ದುಪ್ಪಟ್ಟವನ್ನು ತೆಗೆದಿಡಿಸಿ, ಒಂದು ಬಕೆಟ್ಟು ನೀರನ್ನು ಪಕ್ಕದಲ್ಲಿಟ್ಟುಕೊಂಡು ದೊಡ್ಡವರು ಹತ್ತಿರವೇ ಕೂತಿರಬೇಕು.

ಇಷ್ಟೆಲ್ಲ ಆದಮೇಲೆ ಮೊಮ್ಮಗಳದು ಒಂದೇ ಹಟ. “ಹಾಗಾದರೆ ಗಾಳಿಯಲ್ಲಿ ಐದನೆಯ ಒಂದು ಭಾಗ ಆಕ್ಸಿಜನ್ ಅಂತ ಹೇಗೆ ಗೊತ್ತಾಯ್ತು?” ಪುಸ್ತಕ ಹೇಳುತ್ತದೆ ಎನ್ನುವ ಧೈರ್ಯ ನನಗೆ ಈಗ ಇರಲಿಲ್ಲ. ಕಾವಿಲ್ಲದೆ ಆಮ್ಲಜನಕವನ್ನು ಮಾತ್ರ ಹೀರಿಕೊಳ್ಳುವ ಪದಾರ್ಥ ಬೇಕು. ಕಬ್ಬಿಣ ತುಕ್ಕು ಹಿಡಿಯುವಾಗ ಮಾಡುವುದು ಅದೇ ಕೆಲಸ. ಮೊದಲು ಪಾತ್ರೆ ಉಜ್ಜುವ ಲೋಹದ ನಾರಿನ ಉಂಡೆಯನ್ನು ಲೋಟದೊಳಗೆ ತುರುಕಿ, ಬೋರಲು ಹಾಕಿ ನಾಲ್ಕು ದಿನ ಕಾದೆವು. ಏನೂ ಆಗಲಿಲ್ಲ. ಆ ಉಂಡೆ ತುಕ್ಕು ಹಿಡಿಯದ ಸ್ಟೀಲಿನದು! ಅಂಗಡಿಯವನು ಹೆಮ್ಮೆಯಿಂದ ಹೇಳಿ ಕೊಟ್ಟ ಗುಣವೇ ನಮಗೆ ಅಡ್ಡಬಂತು. ಕೊನೆಗೆ ಕಿಟಕಿಯ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಗೆ ಅವಳನ್ನು ಕರೆದುಕೊಂಡು ಹೋದೆ. ಕೆಟ್ಟುಹೋದ ಹಳೆಯ ರೇಡಿಯೋದ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ನೆಲದ ಮೇಲೆ ಎಳೆದು, ಅರದಿಂದ ಉಜ್ಜುವಾಗ ಉದುರಿದ ಕಬ್ಬಿಣದ ಪುಡಿಯನ್ನು ಒಂದು ಡಬ್ಬಿಯಷ್ಟು ಕೂಡಿಸಿದಳು. ಅಂಗಡಿಯ ಹುಡುಗರು ಕೆಲಸ ನಿಲ್ಲಿಸಿ ಅವಳ ಜೊತೆ ಬಗ್ಗಿ ನಿಂತರು. ಪುಡಿಗೆ ಎಣ್ಣೆಯ ಪಸೆ ಹತ್ತಿದ್ದುದರಿಂದ ಸೋಪಿನ ನೀರಿನಲ್ಲಿ ತೊಳೆದು, ಲೋಟದ ಒಳಮೈಯನ್ನು ಒದ್ದೆಮಾಡಿ ಪುಡಿ ಉದುರಿಸಿದೆವು; ಗಾಜಿಗೆ ಅಂಟಿಕೊಂಡಿತು. ತಟ್ಟೆಯ ನೀರಿನಲ್ಲಿ ಬೋರಲು ಹಾಕಿ, ಬಿಸಿಲು ಬೀಳದ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆವು.

ಮೊದಲನೆಯ ದಿನ 4 ಮಿಲಿಮೀಟರು ಏರಿತು. ಎರಡನೆಯ ದಿನ 11. ಮಧ್ಯಾಹ್ನ ನೋಡಿದರೆ ಸ್ವಲ್ಪ ಇಳಿದಂತೆ ಕಂಡು ಅವಳು ಗಾಬರಿಯಾದಳು. ಬೇಸಗೆಯ ಮಧ್ಯಾಹ್ನ, ಗಾಳಿ ಹಿಗ್ಗಿತ್ತು. ಅಂದಿನಿಂದ ದಿನವೂ ಬೆಳಿಗ್ಗೆ ಏಳು ಗಂಟೆಗೇ ಅಳೆಯುವುದೆಂದು ಅವಳೇ ಕಟ್ಟಳೆ ಮಾಡಿದಳು. ಮೂರನೆಯ ದಿನ 17, ನಾಲ್ಕನೆಯ ದಿನ 20, ಐದನೆಯ ದಿನ 21. ಆರನೆಯ ದಿನವೂ ಏಳನೆಯ ದಿನವೂ 21. ನೀರು ಅಲ್ಲಿಯೇ ನಿಂತಿತು. ಪುಡಿ ಇನ್ನೂ ಕಪ್ಪಾಗಿ ಉಳಿದಿದ್ದರೂ ನೀರು ಮುಂದಕ್ಕೆ ಹೋಗಲಿಲ್ಲ.

ಆದರೆ 24 ಬರಬೇಕಿತ್ತು. ನಾನು ಸುಮ್ಮನಿದ್ದೆ. ತೇಪೆ ಹಚ್ಚುವ ಆಸೆ ಬಾಯಿವರೆಗೂ ಬಂದಿತ್ತು, ನುಂಗಿಕೊಂಡೆ. ಅವಳು ಎರಡು ದಿನ ಲೋಟದ ಸುತ್ತ ಓಡಾಡಿದಳು. ಮೂರನೆಯ ದಿನ ಊಟಕ್ಕೆ ಕೂತಾಗ ತನ್ನ ಮುಂದಿನ ಗಾಜಿನ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದವಳು, ಕೈ ಎಂಜಲು ಎಂಬುದನ್ನೂ ಮರೆತು ಎದ್ದು ಓಡಿದಳು. ಅದೇ ಜೊತೆಯ ಲೋಟ. ಅದರ ತಳ ಒಂದು ಬೆರಳು ದಪ್ಪ. ನಾವು ಕಾಗದದ ಪಟ್ಟಿಯನ್ನು ಹೊರಮೈಗೆ ಅಂಟಿಸಿ ಎತ್ತರ 120 ಎಂದಿದ್ದೆವು. ಒಳಗೆ ಕಡ್ಡಿ ಇಟ್ಟು ಅಳೆದರೆ 110. ಗಾಳಿ ಇದ್ದದ್ದೇ ಅಷ್ಟರಲ್ಲಿ. ಐದನೆಯ ಒಂದು ಭಾಗ 22 ಎಂದು ತನ್ನ ಪುಸ್ತಕದಲ್ಲಿ ಹಳೆಯ ಲೆಕ್ಕವನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದಳು.

ಈಗ ಶಾಲೆ ಶುರುವಾಗಿ ಅವಳು ಊರಿಗೆ ಹೋಗಿದ್ದಾಳೆ. ಲೋಟ ಮಾತ್ರ ಕಿಟಕಿಯ ಕಟ್ಟೆಯ ಮೇಲೆಯೇ ಇದೆ, ಮುಟ್ಟಬಾರದೆಂದು ಅಪ್ಪಣೆಯಾಗಿದೆ. ಪಕ್ಕದಲ್ಲಿ ಇನ್ನೊಂದು ಲೋಟಕ್ಕೆ ಹೆಚ್ಚು ಪುಡಿ ಹಾಕಿ ಇಟ್ಟಿದ್ದೇನೆ. ದಿನವೂ ಬೆಳಿಗ್ಗೆ ಏಳು ಗಂಟೆಗೆ ದೂರವಾಣಿ ಬರುತ್ತದೆ. “ಅಜ್ಜಿ, ಇವತ್ತು ಎಷ್ಟು?”